ಷರಾ ಕಾಲಮ್ಮು

ಕಳೆದ ತಿಂಗಳು ನಮ್ಮ ಆಫೀಸಿನಲ್ಲಿ ಇಂಟರ್‌ವ್ಯೂ ಪ್ಯಾನೆಲ್‌ಗೆ ನನ್ನನ್ನೂ ಕೂರಿಸಿದ್ದರು. ನಾಲ್ಕು ವರ್ಷ ಅನುಭವ ಇದ್ದ ಹುಡುಗ, ಚುರುಕಾಗಿದ್ದ. ನಾರ್ಮಲೈಸೇಶನ್ ಅಂದ್ರೇನು ಅಂತ ಕೇಳಿದ್ದಕ್ಕೆ ಫಸ್ಟ್ ನಾರ್ಮಲ್ ಫಾರ್ಮ್‌ನಿಂದ ಹಿಡಿದು ಬಾಯ್ಸ್-ಕಾಡ್‌ವರೆಗೆ ಉಸಿರು ಬಿಡದೆ ಹೇಳಿದ. ಇಂಡೆಕ್ಸ್ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅನ್ನೋದೂ ಗೊತ್ತಿತ್ತು. ಕೊನೆಗೆ ನಾನು ಬೋರ್ಡಿನ ಕಡೆ ಕೈ ತೋರಿಸಿ, “ರೈತರು ಅಡಿಕೆ ತಂದು ಮಾರೋ ಒಂದು ಸೊಸೈಟಿ ಇದೆ ಅಂತ ಇಟ್ಕೊಳ್ಳಿ. ಅದಕ್ಕೊಂದು ಡೇಟಾಬೇಸ್ ಡಿಸೈನ್ ಮಾಡಿ” ಅಂದೆ. ಎರಡೇ ನಿಮಿಷ. ಫಾರ್ಮರ್, ಪ್ರಾಡಕ್ಟ್, ಪರ್ಚೇಸ್, ಪೇಮೆಂಟ್ ಅಂತ ನಾಲ್ಕು ಚೌಕ ಬಂತು, ನಡುವೆ ಗೆರೆ ಬಂತು. ಹುಡುಗ ಮಾರ್ಕರ್ ಕೆಳಗಿಟ್ಟು ನನ್ನ ಮುಖ ನೋಡಿದ. ನನಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅವನನ್ನು ಆಡಿಕೊಳ್ಳೋ ಹಾಗಿಲ್ಲ. ಒಂಬತ್ತು ವರ್ಷದ ಹಿಂದೆ ನಾನೂ ಇದೇ ನಾಲ್ಕು ಚೌಕ ಬರೆದಿದ್ದೆ. ಅವನು ಬೋರ್ಡಿನ ಮೇಲೆ ಬರೆದ, ಒರೆಸಿದರೆ ಹೋಯ್ತು. ನಾನು ಬರೆದದ್ದು ನಿಜವಾದ ಒಂದು ಸಂಸ್ಥೆಗೆ, ಅದೂ ನಮ್ಮೂರ ಕಡೆಯದಕ್ಕೆ. ಅದರಿಂದ ಒಬ್ಬರ ಮನೆಯ ದುಡ್ಡು ಇನ್ನೊಬ್ಬರ ಸಾಲಕ್ಕೆ ಹೋಯ್ತು. ಡೇಟಾಬೇಸ್ ಡಿಸೈನ್ ಮಾಡೋಕೆ ಏನೇನು ಬರಬೇಕು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗೋದು ಅದೇ.

ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕಿನ ರೈತರು ಅಡಿಕೆ ತಂದು ಹಾಕೋ ಒಂದು ಚಿಕ್ಕ ಸಂಸ್ಥೆ ಅದು. ಹೆಸರು ಬೇಡ, ತಪ್ಪು ಅವರದ್ದಲ್ಲ. “ಊರಿನ ಹುಡುಗ, ಬಿಇ ಮಾಡಿದಾನೆ, ಬೆಂಗಳೂರಲ್ಲಿದಾನೆ” ಅನ್ನೋ ನಂಬಿಕೆ ಮೇಲೆ ಕೆಲಸ ನನಗೆ ಕೊಟ್ಟರು. ನಾನು, ನನ್ನ ಇಬ್ಬರು ಗೆಳೆಯರು, ವೀಕೆಂಡ್ ಕೆಲಸ. ಸೆಕ್ರೆಟರಿ ಹತ್ತಿರ ಅರ್ಧ ಗಂಟೆ ಮಾತಾಡಿದೆವು, ಚಾ ಕುಡಿದೆವು, ರಾತ್ರಿ ಬಸ್ಸು ಹತ್ತಿದೆವು. ಬಸ್ಸಿನಲ್ಲೇ ಟೇಬಲ್‌ಗಳು ತಯಾರಾದವು. ನಾನು ಅಡಿಕೆ ತೋಟದ ಮನೆಯಲ್ಲೇ ಹುಟ್ಟಿ ಬೆಳೆದವನು, ನನಗೆ ಗೊತ್ತಿಲ್ಲದ್ದು ಏನಿದೆ ಅನ್ನೋ ಧೈರ್ಯ ಬೇರೆ. ಆಮೇಲೆ ನೋಡಿದರೆ ಆ ಧೈರ್ಯವೇ ದೊಡ್ಡ ತೊಂದರೆ ಆಗಿತ್ತು. ಗೊತ್ತಿಲ್ಲ ಅಂತ ಅನಿಸಿದ್ದರೆ ಇನ್ನೊಂದು ದಿನ ಕೂತು ಕೇಳ್ತಿದ್ದೆನೇನೋ.

ಮೊದಲ ತಪ್ಪು “ಪರ್ಚೇಸ್” ಅನ್ನೋ ಹೆಸರಿನಲ್ಲೇ ಇತ್ತು. ಅಲ್ಲಿ ಸಂಸ್ಥೆ ಅಡಿಕೆ ಕೊಳ್ಳೋದೇ ಇಲ್ಲ. ರೈತರು ಚೀಲ ತಂದು ಸುರೀತಾರೆ, ಜಾತಿಪ್ರಕಾರ ಲಾಟ್ ಆಗುತ್ತೆ, ಲಾಟಿಗೊಂದು ನಂಬರ್ ಬೀಳುತ್ತೆ. ವ್ಯಾಪಾರಿಗಳು ಬಂದು ಕೈಯಲ್ಲಿ ಹಿಡಿದು, ಒಡೆದು ನೋಡಿ, ಟೆಂಡರ್ ಚೀಟಿಯಲ್ಲಿ ದರ ಬರೀತಾರೆ. ಹೆಚ್ಚಿನ ದರ ಎಷ್ಟು ಅಂತ ರೈತರಿಗೆ ಹೇಳ್ತಾರೆ. ಅವರು ಹೂಂ ಅಂದರೆ ಮಾರಾಟ. “ಇವತ್ತು ಬ್ಯಾಡ, ಇನ್ನೂ ಏರ್ತು” ಅಂದರೆ ಅಡಿಕೆ ಗೋದಾಮಿಗೆ ಹೋಗುತ್ತೆ, ಬೇಕಿದ್ದರೆ ಅದರ ಮೇಲೆ ಮುಂಗಡ ಸಿಗುತ್ತೆ. ಅಂದ್ರೆ ಕೊನೆಯ ಕ್ಷಣದವರೆಗೆ ಅಡಿಕೆ ರೈತನದ್ದೇ. ಈ ಮಾತು ನನಗೆ ಚಿಕ್ಕಂದಿನಿಂದ ಗೊತ್ತು, ಅಪ್ಪ ದರ ಒಪ್ಪದೆ ವಾಪಸ್ ಬಂದ ದಿನಗಳು ನೆನಪಿವೆ. ಆದರೂ ಟೇಬಲ್ ಬರೆಯುವಾಗ ಅದು ತಲೆಗೇ ಬರಲಿಲ್ಲ. ಪುಸ್ತಕದ ಉದಾಹರಣೆಯಲ್ಲಿ ಕಸ್ಟಮರ್ ಇದ್ದ, ಸಪ್ಲೈಯರ್ ಇದ್ದ, ನಾನೂ ಹಾಗೇ ಬರೆದೆ.

ಪರಿಣಾಮ ಏನಾಯ್ತು ಗೊತ್ತಾ? ನನ್ನ ಟೇಬಲ್‌ನಲ್ಲಿ ದರದ ಕಾಲಮ್ ಖಾಲಿ ಬಿಡೋ ಹಾಗಿರಲಿಲ್ಲ. ಮಾರಾಟ ಆಗದ ಲಾಟಿಗೆ ದರ ಎಲ್ಲಿಂದ ಬರಬೇಕು? ಕೌಂಟರಿನಲ್ಲಿ ಕೂತವರು ಸುಮ್ಮನೆ 1 ರೂಪಾಯಿ ಅಂತ ಹೊಡೆದು ಸೇವ್ ಮಾಡೋಕೆ ಶುರು ಮಾಡಿದರು. ತಿಂಗಳ ಕೊನೆಗೆ ರಿಪೋರ್ಟ್ ತೆಗೆದರೆ ಗೋದಾಮು ತುಂಬಾ ಕೆಜಿಗೆ ಒಂದು ರೂಪಾಯಿಯ ಅಡಿಕೆ. ನಾನು ಫೋನಿನಲ್ಲಿ “ಯೂಸರ್ಸ್ ಸರಿಯಾಗಿ ಎಂಟ್ರಿ ಮಾಡ್ತಿಲ್ಲ” ಅಂತ ಗೆಳೆಯರ ಹತ್ತಿರ ಬೈದುಕೊಂಡೆ. ಈಗ ನನಗೆ ಅನಿಸೋದು ಬೇರೆ. ಒಂದು ಸಿಸ್ಟಮ್‌ನಲ್ಲಿ ಜನ ಸುಳ್ಳು ಎಂಟ್ರಿ ಹಾಕ್ತಿದ್ದಾರೆ ಅಂದ್ರೆ, ನಿಜ ಬರೆಯೋಕೆ ನಾವು ಜಾಗ ಕೊಟ್ಟಿಲ್ಲ ಅಂತ ಅರ್ಥ.

ಎರಡನೇದು ಜಾತಿಗಳ ಪಟ್ಟಿ. ರಾಶಿ, ಬೆಟ್ಟೆ, ಚಾಲಿ, ತಟ್ಟಿಬೆಟ್ಟೆ, ಬಿಳೆಗೋಟು, ಕೆಂಪುಗೋಟು. ನಮ್ಮ ಮನೆಯಲ್ಲಿ ಕೇಳಿದ ಹೆಸರುಗಳನ್ನೆಲ್ಲ ಕೋಡ್‌ನಲ್ಲೇ ಕೂರಿಸಿದ್ದೆ. ಪೇಪರಿನ ಪೇಟೆ ಧಾರಣೆ ನೋಡೋರಿಗೆ ಗೊತ್ತಿರುತ್ತೆ, ಶಿರಸಿಯ ಪಟ್ಟಿಯೂ ಯಲ್ಲಾಪುರದ ಪಟ್ಟಿಯೂ ಒಂದೇ ಅಲ್ಲ. ಯಲ್ಲಾಪುರದಲ್ಲಿ ಆಪಿ ಅಂತೊಂದು ಬರುತ್ತೆ, ಕೋಕಾ ಬರುತ್ತೆ. ಚಾಲಿ ಅಂದರೂ ಹಳೆ ಚಾಲಿ ಬೇರೆ, ಹೊಸ ಚಾಲಿ ಬೇರೆ, ದರವೂ ಬೇರೆ. ಇವತ್ತು ಗೋದಾಮಿಗೆ ಹೋದ ಹೊಸ ಚಾಲಿಯನ್ನು ಮುಂದಿನ ವರ್ಷ ಹೊರಗೆ ತೆಗೆದರೆ ಅದು ಹೊಸತೇ ಹಳೆಯದೇ? ನನ್ನ ಸಾಫ್ಟ್‌ವೇರ್ ಪ್ರಕಾರ ಯಾವತ್ತಿಗೂ ಹೊಸತು.

ಇವೆರಡನ್ನೂ ಹೇಗೋ ತೇಪೆ ಹಾಕಿ ಸರಿ ಮಾಡಿದೆವು. ಮೂರನೇದಕ್ಕೆ ತೇಪೆ ಇರಲಿಲ್ಲ.

ಹಳೆ ಸದಸ್ಯರ ರಿಜಿಸ್ಟರನ್ನು ಟೈಪ್ ಮಾಡಿಸಿ ನಮಗೆ ಕೊಟ್ಟಿದ್ದರು. ಹೆಸರು, ತಂದೆಯ ಹೆಸರು, ಊರು, ಸೇರಿದ ದಿನ, ಕೊನೆಗೆ ಷರಾ. ಷರಾ ಕಾಲಮ್‌ನಲ್ಲಿ ಏನೇನೋ ಇತ್ತು, ಅರ್ಧಂಬರ್ಧ ಶಬ್ದಗಳು, ಒಂದಕ್ಕೊಂದು ಸಂಬಂಧ ಇಲ್ಲದ್ದು. ಕಸ ಅಂತ ಬಿಟ್ಟುಬಿಟ್ಟೆ. ಉಳಿದದ್ದರಲ್ಲಿ ಹೆಸರು, ತಂದೆಯ ಹೆಸರು, ಊರು ಮೂರೂ ಒಂದೇ ಇದ್ದ ಸಾಲುಗಳು ಕೆಲವು ಸಿಕ್ಕವು. ಡೂಪ್ಲಿಕೇಟ್! ಒಂದು ಸ್ಕ್ರಿಪ್ಟ್ ಬರೆದು ಎಲ್ಲ ಒಂದು ಮಾಡಿದೆ. “ಡೇಟಾ ಕ್ಲೀನ್ ಮಾಡಿದೀನಿ” ಅಂತ ಸೆಕ್ರೆಟರಿಗೆ ಹೆಮ್ಮೆಯಿಂದ ಹೇಳಿದ್ದೂ ನೆನಪಿದೆ.

ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡೋ ರೂಢಿ. ಹಾಗಾಗಿ ಗಣಪತಿಯ ಮಗ ಸುಬ್ರಾಯ, ಸುಬ್ರಾಯನ ಮಗ ಮತ್ತೆ ಗಣಪತಿ. ಅಡ್ಡಹೆಸರು ಊರಿಗೆಲ್ಲ ಒಂದೇ. ಎರಡು ತಲೆಮಾರು ದಾಟಿದರೆ ಅದೇ ಹೆಸರು, ಅದೇ ತಂದೆಯ ಹೆಸರು ತಿರುಗಿ ಬರುತ್ತೆ. ಅಣ್ಣತಮ್ಮಂದಿರು ಪಾಲಾಗಿ ಬೇರೆ ಬೇರೆ ಮನೆ ಮಾಡಿದ್ದರೆ ಇನ್ನೂ ಗೊಂದಲ. ಊರಿನವರಿಗೆ ಇದು ಸಮಸ್ಯೆಯೇ ಅಲ್ಲ, ಅವರು ಮನೆ ಹೆಸರಿನಿಂದ ಗುರುತಿಸ್ತಾರೆ. ಮೇಲಿನಮನೆ, ಕೆಳಗಿನಮನೆ, ಹೊಸಮನೆ. ಆ ಮನೆ ಹೆಸರುಗಳೆಲ್ಲ ಇದ್ದದ್ದು ಷರಾ ಕಾಲಮ್‌ನಲ್ಲಿ.

ಕೆಳಗಿನಮನೆಯವರು ಮುಂಗಡ ತಗೊಂಡಿದ್ದರು. ಮೇಲಿನಮನೆಯವರು ಚಾಲಿ ಮಾರಿದರು. ನನ್ನ ಸಾಫ್ಟ್‌ವೇರ್ ಇಬ್ಬರನ್ನೂ ಒಬ್ಬನೇ ಅಂತ ತಿಳಿದು, ಚಾಲಿಯ ದುಡ್ಡಿನಿಂದ ಮುಂಗಡ ಮುರಿದುಕೊಂಡು, ಉಳಿದ ಚೂರುಪಾರು ಪಾವತಿ ಮಾಡಿತು. ಮಗಳ ಕಾಲೇಜು ಫೀಸಿಗೆ ಅಂತ ದುಡ್ಡಿಗೆ ಬಂದಿದ್ದವರು ಅವರು. ಕಂಪ್ಯೂಟರ್ ಬಿಲ್ಲು ನೋಡಿ, ತಾನೇ ಎಲ್ಲೋ ಸಾಲ ಮಾಡಿ ಮರೆತಿದೀನೇನೋ ಅಂದುಕೊಂಡು ಸುಮ್ಮನೆ ಮನೆಗೆ ಹೋದರಂತೆ. ಬೈದಿದ್ದರೆ ನನಗೆ ಇಷ್ಟು ಬೇಜಾರಾಗ್ತಿರಲಿಲ್ಲ. ಅಚ್ಚಾದ ಕಾಗದದ ಎದುರು ಒಬ್ಬ ಹಿರಿಯ ತನ್ನ ನೆನಪನ್ನೇ ಅನುಮಾನಿಸಿದ್ದು ಇವತ್ತಿಗೂ ಚುಚ್ಚುತ್ತೆ.

ಅದನ್ನು ಹಿಡಿದದ್ದು ಅಲ್ಲಿನ ಹಳೆ ಗುಮಾಸ್ತರು. ಸಂಬಂಧದಲ್ಲಿ ಏನೂ ಅಲ್ಲದಿದ್ದರೂ ನಾನು ಮಾವ ಅಂತಲೇ ಕರೆಯೋದು. ಕಂಪ್ಯೂಟರ್ ಬಂದ ಮೇಲೂ ಅವರು ತಮ್ಮ ಪುಸ್ತಕ ಬರೆಯೋದು ಬಿಟ್ಟಿರಲಿಲ್ಲ, ಅದಕ್ಕೆ ನಾವೆಲ್ಲ ನಕ್ಕಿದ್ದೆವು. ಫೋನ್ ಮಾಡಿ ಅಂದರು: “ತಮಾ, ಇದು ಕೆಳಗಿನಮನೆಯವರ ಮುಂಗಡ. ಮೇಲಿನಮನೆಯವ್ಕೆ ಎಂತಕ್ಕೆ ಹಾಕಿದ್ದೆ? ಷರಾದಲ್ಲಿ ಬರೆದಿಟ್ಟಿದ್ನಲ ಆನು.”

ಆ ಶನಿವಾರ ಊರಿಗೆ ಹೋದೆ. ಮೇಲಿನಮನೆಗೆ ಹೋಗಿ ತಪ್ಪಾಯ್ತು ಅಂದೆ, ದುಡ್ಡು ವಾಪಸ್ ಜಮಾ ಆಯ್ತು. ಆಮೇಲೆ ಎರಡು ದಿನ ಮಾವನ ಪಕ್ಕ ಕೂತು ಐದು ವರ್ಷದ ಪುಸ್ತಕಗಳ ಷರಾ ಕಾಲಮ್ ಮಾತ್ರ ಓದಿದೆ. ನಾನು ಕಸ ಅಂದುಕೊಂಡಿದ್ದರಲ್ಲಿ ನನಗೆ ಗೊತ್ತಿರಬೇಕಾಗಿದ್ದ ಎಲ್ಲವೂ ಇತ್ತು.

“ಮಗನ ಹಸ್ತೆ” ಅಂತ ಬರೆದಿದ್ದರೆ ಅಡಿಕೆ ತಂದವ ಬೇರೆ, ಖಾತೆ ಯಾರದ್ದೋ ಅವರು ಬೇರೆ. “ದರ ಒಪ್ಪಿಲ್ಲ” ಅಂದರೆ ಲಾಟಿಗೆ ಒಂದು ಸ್ಥಿತಿ ಇದೆ, ಅದು ದಿನದಿಂದ ದಿನಕ್ಕೆ ಬದಲಾಗುತ್ತೆ. “ಫಸಲು ಗುತ್ತಿಗೆ” ಅಂದರೆ ತೋಟ ಒಬ್ಬರದ್ದು, ಈ ವರ್ಷದ ಬೆಳೆ ಇನ್ನೊಬ್ಬರದ್ದು. “ಪಾಲಾಗಿದೆ, ಅರ್ಧ ತಮ್ಮನ ಖಾತೆಗೆ” ಅಂದರೆ ಒಂದು ಖಾತೆ ಎರಡಾಗಬಹುದು, ಆದರೆ ಹಳೆಯ ಲೆಕ್ಕ ಅಳಿಸಬಾರದು. “ಮರಣ, ವಾರಸುದಾರರು ಬರಬೇಕು” ಅಂದರೆ ಸದಸ್ಯ ಸತ್ತರೂ ಅವನ ಅಡಿಕೆ, ಅವನ ಸಾಲ ಬದುಕಿರುತ್ತೆ. ಒಂದೊಂದು ಷರಾವೂ ನಾನು ಮಾಡದೆ ಬಿಟ್ಟ ಒಂದು ಟೇಬಲ್ಲು, ಇಲ್ಲ ಒಂದು ಕಾಲಮ್ಮು. ಪುಸ್ತಕದ ಗೆರೆಗಳು ಸಾಲದೆ ಹೋದಾಗಲೆಲ್ಲ ಮಾವ ಷರಾಕ್ಕೆ ಬರೆದಿದ್ದರು. ಒಳ್ಳೆಯ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಅಂದರೆ ಅದೇ ಆಗಿತ್ತು, ಅಲ್ಲೇ ಕಪಾಟಿನಲ್ಲಿತ್ತು. ನಾನು ಕೇಳಿರಲಿಲ್ಲ, ಅಷ್ಟೇ.

ಇಷ್ಟು ಹೇಳಿದ ಮೇಲೆ ಪ್ರಶ್ನೆ ಬರುತ್ತೆ, ನನಗೆ ಇದನ್ನು ಯಾಕೆ ಯಾರೂ ಕಲಿಸಲಿಲ್ಲ?

ನಾವೆಲ್ಲ ಓದಿದ ಪುಸ್ತಕಗಳ ಬಗ್ಗೆ ಗೌರವ ಇಟ್ಟುಕೊಂಡೇ ಹೇಳ್ತೀನಿ. ಕಾಡ್ 1970ರಲ್ಲಿ ರಿಲೇಷನಲ್ ಮಾಡೆಲ್ ಬಗ್ಗೆ ಬರೆದ ಲೇಖನದ ಮೇಲೆ ಇವತ್ತಿಗೂ ಜಗತ್ತಿನ ಬ್ಯಾಂಕುಗಳು ನಡೀತಿವೆ. ಪೀಟರ್ ಚೆನ್ 1976ರಲ್ಲಿ ಕೊಟ್ಟ ಇಆರ್ ಚಿತ್ರ ಇಲ್ಲದೆ ನನಗೆ ಈಗಲೂ ಯೋಚನೆ ಮಾಡೋಕೆ ಬರಲ್ಲ. ಎಲ್ಮಸ್ರಿ-ನವಾತೆ ಪುಸ್ತಕ ಬಿಇ ಮಾಡಿದ ಬಹಳ ಜನರ ಮನೆಯ ಅಟ್ಟದಲ್ಲಿ ಇನ್ನೂ ಇರಬಹುದು. ಅದರಲ್ಲಿ ಉದ್ದಕ್ಕೂ ಬರೋ ಉದಾಹರಣೆ “ಕಂಪನಿ”. ಉದ್ಯೋಗಿ ಒಂದು ವಿಭಾಗಕ್ಕೆ ಸೇರಿರ್ತಾನೆ, ವಿಭಾಗಕ್ಕೆ ಒಬ್ಬ ಮ್ಯಾನೇಜರ್, ಉದ್ಯೋಗಿ ಹಲವು ಪ್ರಾಜೆಕ್ಟ್‌ಗಳಲ್ಲಿ ಕೆಲಸ ಮಾಡಬಹುದು. ಈ ಅವಶ್ಯಕತೆಗಳೆಲ್ಲ ಒಂದು ಪುಟದೊಳಗೆ ಮುಗಿಯುತ್ತೆ. ಅಚ್ಚುಕಟ್ಟಾದ ವಾಕ್ಯಗಳು, ನಾಮಪದ ಕಂಡಲ್ಲಿ ಟೇಬಲ್, ಕ್ರಿಯಾಪದ ಕಂಡಲ್ಲಿ ಸಂಬಂಧ. ಕಲಿಸೋಕೆ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಒಂದು ಪುಟ ಯಾರು ಬರೆದರು? ಯಾರ ಜೊತೆ ಕೂತು, ಎಷ್ಟು ದಿನ ಕೇಳಿ ಬರೆದರು? ಡಿಸೈನ್‌ನ ಅರ್ಧಕ್ಕಿಂತ ಹೆಚ್ಚು ಕೆಲಸ ಆ ಪುಟ ಹುಟ್ಟೋದರಲ್ಲೇ ಇದೆ. ನಮ್ಮ ಕೈಗೆ ಅದು ಬೇಯಿಸಿ, ಆರಿಸಿ, ಎಲೆಯ ಮೇಲೆ ಬಡಿಸಿದ ಹಾಗೆ ಬರುತ್ತೆ.

ಲ್ಯಾಬ್ ಅಂತೂ ಇನ್ನೂ ಸುಲಭ. ವಿಟಿಯು 2018ರ ಸ್ಕೀಮಿನ ಡಿಬಿಎಂಎಸ್ ಲ್ಯಾಬ್ ಪಟ್ಟಿ ತೆಗೆದು ನೋಡಿ. ಲೈಬ್ರರಿ, ಆರ್ಡರ್, ಮೂವಿ, ಕಾಲೇಜು, ಕಂಪನಿ. ಎಲ್ಲವೂ ಶುರುವಾಗೋದು “ಕೆಳಗಿನ ಸ್ಕೀಮಾ ತೆಗೆದುಕೊಳ್ಳಿ” ಅಂತಲೇ. ಟೇಬಲ್‌ಗಳ ಹೆಸರು, ಕಾಲಮ್‌ಗಳ ಹೆಸರು ಪ್ರಶ್ನೆಯಲ್ಲೇ ಇದೆ, ವಿದ್ಯಾರ್ಥಿ ಕ್ವೆರಿ ಬರೆದರಾಯ್ತು. ನಾನು ಓದುವಾಗಿನ ಪ್ರಶ್ನೆಗಳೂ ಹೀಗೇ ಇದ್ದವು. ಅಂದ್ರೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ನಾವು ಸ್ಕೀಮಾ ಇಲ್ಲದ ಜಾಗದಿಂದ ಶುರು ಮಾಡಿಲ್ಲ. ನಮಗೆ ಕಲಿಸಿದ್ದು ಬೇರೆಯವರು ಮಾಡಿದ ಡಿಸೈನ್‌ನಲ್ಲಿ ಪ್ರಶ್ನೆ ಕೇಳೋದು. ಕಾಲೇಜಿನ ಹತ್ತಿರವೇ ಒಂದು ರೈಸ್ ಮಿಲ್ಲು, ಒಂದು ಔಷಧಿ ಅಂಗಡಿ, ಒಂದು ಹಾಲಿನ ಡೈರಿ ಇರುತ್ತಲ್ಲ, ಅಲ್ಲಿಗೆ ಹೋಗಿ ಒಂದು ವಾರ ಅವರ ಪುಸ್ತಕ ಓದಿ ಬನ್ನಿ ಅಂತ ಒಂದು ಲ್ಯಾಬ್ ಇದ್ದಿದ್ದರೆ? ಬೋರ್ಡಿನ ಮುಂದೆ ನಿಂತಿದ್ದ ಆ ಹುಡುಗ ನನಗೆ ಕನಿಷ್ಠ ಒಂದು ಪ್ರಶ್ನೆ ಕೇಳ್ತಿದ್ದ.

ಸಣ್ಣ ಸಂಸ್ಥೆಯ ಕಥೆ ಅಂತ ಬಿಡೋ ಹಾಗೂ ಇಲ್ಲ. ಹಳ್ಳಿ ಮನೆಗಳಿಗೆಲ್ಲ ಸಂಬಂಧಪಟ್ಟ ಒಂದು ದೊಡ್ಡ ಡೇಟಾಬೇಸ್ ಇದೆ, ಪಹಣಿ. “ಭೂಮಿ” ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, 177 ತಾಲೂಕುಗಳಲ್ಲಿ. 15 ರೂಪಾಯಿ ಕೊಟ್ಟು ಕೌಂಟರಿನಲ್ಲಿ ಪಹಣಿ ತಗೊಂಡು ಬಂದ ಅಪ್ಪನ ಮುಖದಲ್ಲಿದ್ದ ಆಶ್ಚರ್ಯ ನಾನು ನೋಡಿದೀನಿ. ಅದಕ್ಕೂ ಮೊದಲು ಅದೇ ಕಾಗದಕ್ಕೆ ಎಷ್ಟು ಸಲ ಅಲೆಯಬೇಕಿತ್ತು ಅನ್ನೋದೂ ಮನೆಯಲ್ಲಿ ಎಲ್ಲರಿಗೂ ಗೊತ್ತು. ಡಿಸೈನ್ ದೃಷ್ಟಿಯಿಂದ ಅದರಲ್ಲಿ ಕಲಿಯೋದು ಬಹಳ ಇದೆ. ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು, ಮ್ಯುಟೇಶನ್ ನಂಬರ್ ಇಲ್ಲದೆ ಹೆಸರು ಬದಲಾಗಬಾರದು, ಬದಲಾಯಿಸಿದ ಅಧಿಕಾರಿಯ ಬೆರಳಚ್ಚು ಬೇಕು. ಯಾರು, ಯಾವಾಗ, ಯಾವ ಆಧಾರದ ಮೇಲೆ ಬದಲಾಯಿಸಿದರು ಅನ್ನೋದು ಮಾಹಿತಿಯಷ್ಟೇ ಮುಖ್ಯ ಅನ್ನೋದನ್ನು ನಾನು ಕಲಿತದ್ದು ಅಲ್ಲಿಂದ.

ಇನ್ನೊಂದು ಪಾಠ ವಿಸ್ತೀರ್ಣದ ಕಲಂನಲ್ಲಿದೆ. ಪಹಣಿಯಲ್ಲಿ ಎಕರೆ, ಗುಂಟೆ, ಆಣೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಹೊಸ ಹುಡುಗರ ಕೈಗೆ ಕೊಟ್ಟರೆ 1 ಎಕರೆ 20 ಗುಂಟೆಯನ್ನು 1.20 ಅಂತ ಡೆಸಿಮಲ್ ಮಾಡಿ ಇಡ್ತಾರೆ. ಅದಕ್ಕೆ 1 ಎಕರೆ 30 ಗುಂಟೆ ಕೂಡಿಸಿದರೆ 2.50, ಎರಡೂವರೆ ಎಕರೆ. ನಿಜವಾದ ಉತ್ತರ 3 ಎಕರೆ 10 ಗುಂಟೆ. ಮುಕ್ಕಾಲು ಎಕರೆ ತೋಟ ಒಂದು ಚುಕ್ಕಿಯಲ್ಲಿ ಮಾಯ! ಎಲ್ಲವನ್ನೂ ಆಣೆಗೆ ಇಳಿಸಿ ಪೂರ್ಣಾಂಕವಾಗಿ ಇಟ್ಟು, ತೋರಿಸುವಾಗ ಮಾತ್ರ ಎಕರೆ-ಗುಂಟೆ ಮಾಡಬೇಕು, ಒಂದು ಎಕರೆಗೆ 640 ಆಣೆ. ಇದನ್ನು ಯಾವ ನಾರ್ಮಲ್ ಫಾರ್ಮೂ ಹೇಳಿಕೊಡಲ್ಲ. ಗುಂಟೆ ಅಂದರೇನು ಅಂತ ಗೊತ್ತಿರಬೇಕು, ಇಲ್ಲವೇ ಕೇಳಬೇಕು.

ಹಾಗಂತ ಪಹಣಿ ಪರಿಪೂರ್ಣವೂ ಅಲ್ಲ. ಅಲ್ಲಿ ಕಂಪ್ಯೂಟರಿಗೆ ಹೋದದ್ದು ಕಾಗದದ ನಮೂನೆ 16, ಅದರ ಕಲಂಗಳು ಇದ್ದ ಹಾಗೇ ಹೋದವು. 9ನೇ ಕಲಂನಲ್ಲಿ ಸ್ವಾಧೀನದಾರರ ಹೆಸರು, 11ನೇದರಲ್ಲಿ ಇತರ ಹಕ್ಕು ಮತ್ತು ಋಣ, 12ನೇದರಲ್ಲಿ ಸಾಗುವಳಿ. ಜಂಟಿ ಖಾತೆಯಾದರೆ 9ನೇ ಕಲಂನಲ್ಲಿ ಸಾಲಾಗಿ ಹೆಸರುಗಳು, ಯಾರ ಪಾಲು ಎಷ್ಟು ಅಂತ ಎಷ್ಟೋ ಕಡೆ ಇಲ್ಲ. ತೀರಿಕೊಂಡ ಅಜ್ಜ ಅಲ್ಲಿ ಇನ್ನೂ ಜೀವಂತ. ಅದಕ್ಕೇ ಸರ್ಕಾರ ಪೌತಿ ಖಾತೆ ಆಂದೋಲನ ಅಂತ ಬೇರೆಯೇ ಮಾಡಬೇಕಾಯ್ತು. ನಮ್ಮ ಕಡೆಯ ಸೊಪ್ಪಿನ ಬೆಟ್ಟ ನೋಡಿ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅನ್ನೋದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. ಜಾಗ ಸರ್ಕಾರದ್ದು, ಸೊಪ್ಪು ಮತ್ತು ದರಕು ತರೋ ಹಕ್ಕು ತೋಟದವರದ್ದು. ಮಾಲೀಕ ಯಾರು ಅಂತ ಒಂದೇ ಕಾಲಮ್ ಇಟ್ಟರೆ ಬೆಟ್ಟ ಎಲ್ಲಿ ಹೋಗಬೇಕು? ಸಹಜವಾಗಿ 11ನೇ ಕಲಮ್ಮಿಗೆ. ಸಾಲ, ಕೋರ್ಟ್ ಆದೇಶ, ಬಳಕೆಯ ಹಕ್ಕು ಎಲ್ಲ ಸೇರೋ ಜಾಗ ಅದು, ಸರ್ಕಾರಿ ಷರಾ ಕಾಲಮ್ಮು. “ಯಾರ ಜಾಗ” ಅಂತ ಕೇಳೋ ಬದಲು “ಯಾರಿಗೆ ಈ ಜಾಗದ ಮೇಲೆ ಯಾವ ಹಕ್ಕು, ಯಾವತ್ತಿನಿಂದ ಯಾವತ್ತಿನವರೆಗೆ” ಅಂತ ಕೇಳಿದ್ದರೆ ಡಿಸೈನ್ ಬೇರೆಯೇ ಆಗ್ತಿತ್ತು. ಅದನ್ನು ಮಾಡೋಕೆ ಕಾನೂನೂ ಬದಲಾಗಬೇಕು, ಅದು ಡಿಸೈನರ್ ಒಬ್ಬನ ಕೈಲಿಲ್ಲ ಅನ್ನೋದೂ ನಿಜ. ಆದರೆ ಪ್ರಶ್ನೆಯನ್ನು ಗುರುತಿಸೋದು ಅವನ ಕೆಲಸವೇ.

ಇಂಥ ಪ್ರಶ್ನೆ ನನಗೆ ಎರಡನೇ ಸಲ ಎದುರಾದದ್ದು 2019ರಲ್ಲಿ. ಆ ವರ್ಷ “ಶಿರಸಿ ಸುಪಾರಿ”ಗೆ ಜಿಐ ಟ್ಯಾಗ್ ಬಂತು. ಶಿರಸಿಯಲ್ಲಿ 1923ರಿಂದ ಇರೋ ತೋಟಗಾರ್ಸ್ ಸೊಸೈಟಿ, ಅಂದ್ರೆ ಟಿಎಸ್ಎಸ್, ಅದಕ್ಕಾಗಿ ಓಡಾಡಿತ್ತು. ಯಲ್ಲಾಪುರ, ಸಿದ್ದಾಪುರ, ಶಿರಸಿ ತಾಲೂಕುಗಳಲ್ಲಿ ಬೆಳೆದ ಅಡಿಕೆಗೆ ಆ ಹೆಸರು. ಊರಲ್ಲೆಲ್ಲ ಖುಷಿ. ನನಗೆ ಮಾತ್ರ ನನ್ನ ಟೇಬಲ್ ನೆನಪಾಯ್ತು. ಅಡಿಕೆ ಎಲ್ಲಿಯದು ಅಂತ ನನ್ನ ಡೇಟಾಬೇಸ್‌ಗೆ ಕೇಳಿದರೆ ಅದು ಏನು ಹೇಳುತ್ತೆ? ಸದಸ್ಯನ ವಿಳಾಸ ಹೇಳುತ್ತೆ. ಶಿರಸಿ ಪೇಟೆಯಲ್ಲಿ ಮನೆ ಮಾಡಿ ಬೇರೆ ತಾಲೂಕಿನಲ್ಲಿ, ಬೇರೆ ಜಿಲ್ಲೆಯಲ್ಲಿ ತೋಟ ಇರೋರಿಲ್ಲವೇ? ಎರಡು ಕಡೆ ತೋಟ ಇರೋರಿಲ್ಲವೇ? ಊರು ಅನ್ನೋದು ರೈತನ ಗುಣ ಅಲ್ಲ, ಲಾಟಿನ ಗುಣ. ಲಾಟು ಒಂದು ತೋಟದಿಂದ ಬರುತ್ತೆ, ತೋಟ ಒಂದು ಸರ್ವೆ ನಂಬರಿನಲ್ಲಿ ಇರುತ್ತೆ. ಒಂದು ಕಾಲಮ್ ತಪ್ಪು ಟೇಬಲ್‌ನಲ್ಲಿ ಕೂತರೆ, ಬೇರೆಲ್ಲಿಂದಲೋ ಬಂದ ಅಡಿಕೆಗೂ ಶಿರಸಿಯ ಹೆಸರು ಅಂಟಬಹುದು. ಆ ಹೆಸರಿನ ಮೇಲೆ ನಂಬಿಕೆ ಹೋದರೆ ನಷ್ಟ ಸಾಫ್ಟ್‌ವೇರ್ ಮಾಡಿದವನಿಗಲ್ಲ.

ಹಾಗಾದರೆ ಏನೇನು ಬರಬೇಕು? ಎಸ್‌ಕ್ಯೂಎಲ್ ಬರಬೇಕು, ನಾರ್ಮಲೈಸೇಶನ್ ಬರಬೇಕು, ಟ್ರಾನ್ಸಾಕ್ಷನ್, ಇಂಡೆಕ್ಸ್, ಬ್ಯಾಕಪ್ ಎಲ್ಲ ಬರಬೇಕು, ಅದಿಲ್ಲದೆ ಹೊಲಕ್ಕೆ ಇಳಿಯೋದೇ ತಪ್ಪು. ಅದರ ಜೊತೆಗೆ ನಾನು ಸೇರಿಸೋದು ಕೆಲವೇ ಕೆಲವು. ಕಿರ್ದಿ, ಖತಾವಣಿ ಓದೋಕೆ ಬರಬೇಕು. ಜಮೆ ಯಾವುದು, ಖರ್ಚು ಯಾವುದು ಅಂತ ಗೊತ್ತಿಲ್ಲದವ ಅಕೌಂಟ್ ಟೇಬಲ್ ಮುಟ್ಟಬಾರದು. ಆಫೀಸರ್ ಜೊತೆ ಮಾತಾಡಿದ ಮೇಲೆ ಕೌಂಟರಿನಲ್ಲಿ ಕೂತವರ ಜೊತೆಗೂ ಕೂರಬೇಕು. ಸೆಕ್ರೆಟರಿ ಹೇಳೋದು ಕೆಲಸ ಹೇಗೆ ನಡೀಬೇಕು ಅಂತ, ಗುಮಾಸ್ತರು ಹೇಳೋದು ಹೇಗೆ ನಡೀತಿದೆ ಅಂತ. ಎರಡೂ ಬೇಕು. “ಯಾವಾಗಲೂ ಹೀಗೇನಾ?” ಅಂತ ಕೇಳೋ ಅಭ್ಯಾಸ ಬೇಕು. “ಯಾವಾಗಲೂ ಹಾಗೇ” ಅಂತ ಉತ್ತರ ಬಂದರೆ “ಕಳೆದ ವರ್ಷ ಹಾಗಾಗದೆ ಇದ್ದದ್ದು ಯಾವಾಗ?” ಅಂತ ಮತ್ತೆ ಕೇಳಬೇಕು. ಆಗ ಕಥೆಗಳು ಹೊರಗೆ ಬರ್ತವೆ.

ಕನ್ನಡ ಡೇಟಾ ಆದರೆ ಇನ್ನೊಂದು. ಹಳೆ ಫೈಲುಗಳು ನುಡಿಯ ಹಳೆಯ ಫಾಂಟಿನಲ್ಲಿ ಇರ್ತವೆ, ಅಕ್ಷರ ಕನ್ನಡದ ಹಾಗೆ ಕಂಡರೂ ಒಳಗೆ ಇಂಗ್ಲಿಷ್ ಚಿಹ್ನೆಗಳ ರಾಶಿ. ಯೂನಿಕೋಡ್‌ಗೆ ತರದೆ ಹುಡುಕಿದರೆ ಏನೂ ಸಿಗಲ್ಲ. ತಂದ ಮೇಲೂ ಹೆಗಡೆ, ಹೆಗ್ಡೆ ಎರಡೂ ಒಂದೇ ಅಡ್ಡಹೆಸರು ಅಂತ ಯಂತ್ರಕ್ಕೆ ಗೊತ್ತಾಗಲ್ಲ. ಹೆಸರನ್ನು ಗುರುತು ಅಂತ ನಂಬಲೇಬಾರದು. 2018ರ ಸಾಲಮನ್ನಾದಲ್ಲಿ ಸರ್ಕಾರ ಆಧಾರ್, ರೇಷನ್ ಕಾರ್ಡ್, ಸರ್ವೆ ನಂಬರ್ ಮೂರನ್ನೂ ಕೇಳಿದ್ದು ಯಾಕೆ ಅಂತ ಬಹಳ ಜನ ಗೊಣಗಿದರು. ಮನುಷ್ಯ, ಮನೆ, ಜಮೀನು ಮೂರೂ ಬೇರೆ ಬೇರೆ ಅಂತ ಯಾರೋ ಒಬ್ಬರಿಗೆ ಗೊತ್ತಿತ್ತು ಅಂತ ನಾನು ಅಂದುಕೊಂಡೆ.

ಈಗಿನ ಹುಡುಗರು ಇನ್ನೊಂದು ದಾರಿ ಹೇಳ್ತಾರೆ. “ಸರ್, ಸ್ಕೀಮಾ ಯಾಕೆ, ಎಲ್ಲ ಜೇಸನ್‌ನಲ್ಲಿ ಹಾಕಿ, ಆಮೇಲೆ ನೋಡೋಣ” ಅಂತ. ಕೆಲವು ಕಡೆ ಅದು ಸರಿಯೇ. ಆದರೆ ಏನು ಬರುತ್ತೆ ಅಂತ ಗೊತ್ತಿಲ್ಲ ಅನ್ನೋ ಕಾರಣಕ್ಕೆ ಹಾಗೆ ಮಾಡಿದರೆ, ಇಡೀ ಪುಸ್ತಕವನ್ನೇ ಷರಾ ಕಾಲಮ್ ಮಾಡಿದ ಹಾಗೆ. ಮಾವನ ಷರಾ ಓದೋಕೆ ಮಾವ ಇದ್ದರು. ನಮ್ಮ ಜೇಸನ್ ಓದೋಕೆ ಎರಡು ವರ್ಷದ ಮೇಲೆ ಯಾರಿರ್ತಾರೆ? ಬರೆದವನು ಅಷ್ಟರಲ್ಲಿ ಕಂಪನಿ ಬದಲಾಯಿಸಿರ್ತಾನೆ.

ಎಲ್ಲ ಷರಾವನ್ನೂ ಟೇಬಲ್ ಮಾಡಬೇಕು ಅಂತಲೂ ನಾನು ಹೇಳ್ತಿಲ್ಲ. ಒಂದು ಸಲ ಬಂದದ್ದು ಷರಾದಲ್ಲೇ ಇರಲಿ. ಎರಡು ಸಲ ಬಂದರೆ ಕೇಳಿ. ಪ್ರತಿ ವಾರ ಬರ್ತಿದ್ದರೆ ಅದಕ್ಕೊಂದು ಜಾಗ ಮಾಡಿ. ಗೆರೆ ಎಲ್ಲಿ ಎಳೀಬೇಕು ಅನ್ನೋದನ್ನು ಅನುಭವ ಕಲಿಸುತ್ತೆ, ಮತ್ತೆ ಬಜೆಟ್ ಕೂಡ ಕಲಿಸುತ್ತೆ. ಕ್ಲೈಂಟ್ ಕೊಟ್ಟ ದುಡ್ಡಿನಲ್ಲಿ ಅಷ್ಟು ದಿನ ಕೂತು ಕೇಳೋಕೆ ಆಗಲ್ಲ ಅಂತ ನೀವು ಹೇಳಬಹುದು. ನಾನೂ ಅರ್ಧ ಗಂಟೆಯಲ್ಲಿ ಮುಗಿಸಿ ಉಳಿಸಿದ್ದೆ. ಆಮೇಲೆ ತೇಪೆ ಹಾಕೋಕೆ ಹೋದ ವೀಕೆಂಡ್‌ಗಳ ಲೆಕ್ಕ ನನ್ನ ಹೆಂಡತಿ ಹತ್ತಿರ ಇದೆ.

ಆ ಸಾಫ್ಟ್‌ವೇರನ್ನು ಮೊದಲಿನಿಂದ ಮತ್ತೆ ಬರೆದೆವು. ಈಗ ಅದರಲ್ಲಿ ಸದಸ್ಯ ಬೇರೆ, ಮನೆ ಬೇರೆ, ತೋಟ ಬೇರೆ, ಲಾಟು ಬೇರೆ. ತಂದವರ ಹೆಸರಿಗೆ “ಹಸ್ತೆ” ಅಂತಲೇ ಕಾಲಮ್ ಇದೆ, ಆ ಶಬ್ದ ನಾನು ಬದಲಾಯಿಸಲಿಲ್ಲ. ಮೂರು ಪೇಟೆಗೂ ಅವರವರ ಜಾತಿಪಟ್ಟಿ ಇದೆ, ಅದನ್ನು ಅವರೇ ತಿದ್ದಬಹುದು. ಮಾವ ನಿವೃತ್ತರಾದರು, ಪುಸ್ತಕ ಬರೆಯೋದು ನಿಂತಿತು. ಹೋಗುವ ಮೊದಲು ಹೊಸ ಸ್ಕ್ರೀನ್ ನೋಡಿ, “ಷರಾ ಎಲ್ಲಿ ತಮಾ?” ಅಂತ ಕೇಳಿದರು. ಕೊನೆಯಲ್ಲಿ ಇಟ್ಟಿದೀನಿ ಮಾವ, ಅಂದೆ. ಅದು ಈಗಲೂ ಇದೆ. ವರ್ಷಕ್ಕೊಮ್ಮೆ ಕೊನೆ ಕೊಯ್ಲಿನ ಹೊತ್ತಿಗೆ ಊರಿಗೆ ಹೋದಾಗ ಆಫೀಸಿಗೆ ಹೋಗಿ ಒಂದು ಬೆಳಗ್ಗೆ ಅದನ್ನು ಮಾತ್ರ ಕೂತು ಓದ್ತೀನಿ. ಕಳೆದ ಸಲ “ಆನ್‌ಲೈನ್ ಗ್ರಾಹಕರಿಗೆ ನೇರ ಪಾರ್ಸೆಲ್” ಅಂತ ಏಳೆಂಟು ಕಡೆ ಕಂಡಿತು. ಟೆಂಡರ್‌ಗೆ ಬಾರದೆ ಮಾರಾಟವಾಗೋ ಅಡಿಕೆಗೆ ನನ್ನ ಟೇಬಲ್‌ನಲ್ಲಿ ಇನ್ನೂ ಜಾಗ ಇಲ್ಲ. ಈ ಸಲ ಹೋದಾಗ ಕೌಂಟರಿನವರನ್ನು ಕೇಳಬೇಕು.